ಆಟ ಬಿಟ್ಟ ಮೇಲಿನ ಮಾತು: ಚಲನಚಿತ್ರಾಭಿಮಾನಿಗಳ ಮೌಖಿಕ ವಿಮರ್ಶೆ

ಚಲನಚಿತ್ರದ ಪ್ರದರ್ಶನವನ್ನು ಕನ್ನಡ ಜನರು ಬಹುಕಾಲದಿಂದ 'ಆಟ' ಎಂದೇ ಕರೆಯುತ್ತ ಬಂದಿದ್ದಾರೆ. ಬೆಳಗಿನ ಆಟ, ಮ್ಯಾಟಿನಿ ಆಟ, ಮೊದಲನೆಯ ಆಟ, ಎರಡನೆಯ ಆಟ ಎಂಬ ಬಳಕೆಗಳು ಭಿತ್ತಿಪತ್ರಗಳಲ್ಲೂ ಆಡುಮಾತಿನಲ್ಲೂ ಒಂದೇ ಸಮನೆ ಕಾಣಿಸಿಕೊಂಡಿವೆ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟಗಳ ಸಾಲಿಗೆ ಯಂತ್ರದಿಂದ ಹುಟ್ಟಿದ ಕಲೆಯೊಂದನ್ನು ಸೇರಿಸಿಕೊಂಡ ಈ ನಾಮಕರಣ ಕೇವಲ ಪದದ ಸಾಲವಲ್ಲ. 1934ರಲ್ಲಿ 'ಸತಿ ಸುಲೋಚನ' ತೆರೆಗೆ ಬರುವ ವೇಳೆಗೆ ಈ ನಾಡಿನ ಪ್ರೇಕ್ಷಕರಿಗೆ ಆಟ ನೋಡುವ ಒಂದು ಕ್ರಮ ಸಿದ್ಧವಾಗಿಯೇ ಇತ್ತು; ನೋಡಿದ್ದನ್ನು ತೂಗುವ ಕ್ರಮವೂ ಇತ್ತು. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಊರಿಗೆ ಮರಳುವ ದಾರಿಯಲ್ಲಿ ಯಾರ ವೇಷ ಕಳೆಕಟ್ಟಿತು, ಯಾರ ಮಾತು ಸೋತಿತು, ಭಾಗವತ ಎಲ್ಲಿ ತಾಳ ತಪ್ಪಿದ ಎಂಬ ಚರ್ಚೆ ನಡೆಯುತ್ತಿತ್ತು. ಆ ಚರ್ಚೆಯ ಮೊಮ್ಮಗುವೇ ಚಿತ್ರಮಂದಿರದ ಹೊರಗಿನ ಮಾತು. ಇತ್ತೀಚೆಗೆ ನೋಡಿದ ಚಿತ್ರದ ಬಗ್ಗೆ ಅಭಿಮಾನಿಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಈ ಮಾತನ್ನು ಚಲನಚಿತ್ರ ಅಧ್ಯಯನವು ಗದ್ದಲವೆಂದು ಬದಿಗಿಟ್ಟಿದೆ. ಜಾನಪದ ಅಧ್ಯಯನವು ಅದು ಜಾನಪದವೇ ಅಲ್ಲವೆಂದು ದೂರವಿಟ್ಟಿದೆ. ಎರಡು ಶಿಸ್ತುಗಳ ನಡುವಿನ ಈ ಅನಾಥ ಮಾತಿಗೆ ತನ್ನದೇ ಆದ ರೂಪ, ನಿಯಮ, ಮೌಲ್ಯವಿವೇಕಗಳಿವೆ.

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ 'ಮೌಖಿಕ ಸಾಹಿತ್ಯ ವಿಮರ್ಶೆ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಕಥೆ, ಗಾದೆ, ಹಾಡುಗಳನ್ನು ಸಂಗ್ರಹಿಸಿದರೆ ಸಾಲದು, ಅವುಗಳ ಬಗ್ಗೆ ಹೇಳುಗರೂ ಕೇಳುಗರೂ ಏನು ಭಾವಿಸುತ್ತಾರೆ ಎಂಬುದನ್ನೂ ಸಂಗ್ರಹಿಸಬೇಕು, ಅರ್ಥವನ್ನು ವಿದ್ವಾಂಸ ತನ್ನ ಮೇಜಿನ ಮುಂದೆ ಕುಳಿತು ಊಹಿಸುವುದು ಸಲ್ಲದು ಎಂಬುದು ಅವರ ವಾದದ ಸಾರ. ಕನ್ನಡದ ಜಾನಪದ ವಿದ್ವತ್ತು ಈ ಮಾತನ್ನು ತರಗತಿಗಳಲ್ಲಿ ಬೋಧಿಸಿದ್ದುಂಟು. ಕ್ಷೇತ್ರಕಾರ್ಯದಲ್ಲಿ ಪಾಲಿಸಿದ್ದು ಕಡಿಮೆ. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ ಮೊದಲಾದ ಮಹಾಕಾವ್ಯಗಳ ಸಾವಿರಾರು ಪುಟಗಳ ಸಂಪಾದನೆ ನಿಜಕ್ಕೂ ಹೆಮ್ಮೆಪಡಬೇಕಾದ ಸಾಧನೆ. ಆದರೆ ಆ ಕಾವ್ಯವನ್ನು ರಾತ್ರಿಯಿಡೀ ಕುಳಿತು ಕೇಳಿದವರು ಬೆಳಗಾದ ಮೇಲೆ ಏನೆಂದರು ಎಂಬುದಕ್ಕೆ ಆ ಸಂಪುಟಗಳಲ್ಲಿ ದೊರೆಯುವ ಜಾಗ ಅತ್ಯಲ್ಪ. ಪಠ್ಯಕ್ಕೆ ಸಿಕ್ಕ ಮರ್ಯಾದೆ ಕೇಳುಗರ ವಿವೇಕಕ್ಕೆ ಸಿಗಲಿಲ್ಲ. ಚಲನಚಿತ್ರದ ಪ್ರೇಕ್ಷಕರ ವಿಷಯದಲ್ಲಿ ಈ ಲೋಪ ಇನ್ನಷ್ಟು ಗಾಢವಾಗಿದೆ. ಏಕೆಂದರೆ ಇಲ್ಲಿ ಪಠ್ಯವನ್ನು ಸೃಷ್ಟಿಸಿದವರು ಜನಪದರಲ್ಲ. ಜನಪದರ ಪಾಲಿಗೆ ಉಳಿದಿರುವುದು ಮಾತು ಮಾತ್ರ.

ಈ ಮಾತಿನ ಹುಟ್ಟನ್ನು ಅರಿಯಲು ಟೂರಿಂಗ್ ಟಾಕೀಸನ್ನು, ಅಂದರೆ ಜನರ ಬಾಯಲ್ಲಿ 'ಟೆಂಟು' ಎನಿಸಿಕೊಂಡ ಡೇರೆ ಚಿತ್ರಮಂದಿರವನ್ನು, ನೆನೆಯಬೇಕು. ಊರ ಹೊರಗಿನ ಬಯಲಿನಲ್ಲೋ ಕೆರೆಯಂಗಳದ ಅಂಚಿನಲ್ಲೋ ಎದ್ದು ನಿಂತು, ಪರವಾನಗಿಯ ಅವಧಿ ಮುಗಿದೊಡನೆ ಗಂಟುಮೂಟೆ ಕಟ್ಟುತ್ತಿದ್ದ ಈ ಡೇರೆಗಳಲ್ಲಿ ನೆಲ, ಬೆಂಚು, ಕುರ್ಚಿ ಎಂಬ ಮೂರು ಅಂತಸ್ತುಗಳಿದ್ದವು. ಅನೇಕ ಕಡೆ ಹೆಂಗಸರಿಗೂ ಗಂಡಸರಿಗೂ ನಡುವೆ ಮೋಟುಗೋಡೆಯೊಂದೋ ತಡಿಕೆಯೊಂದೋ ಇರುತ್ತಿತ್ತು. ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ್ವರ ಸ್ತುತಿ ಕೇಳಿಬಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ಬಹುಪಾಲು ಡೇರೆಗಳಲ್ಲಿದ್ದುದು ಒಂದೇ ಪ್ರೊಜೆಕ್ಟರು. ಆದ್ದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು, ದೀಪ ಹೊತ್ತುತ್ತಿತ್ತು. ನಗರದ ಚಿತ್ರಮಂದಿರಕ್ಕೆ ಒಂದು ಮಧ್ಯಂತರವಾದರೆ ಟೆಂಟಿಗೆ ಮೂರೋ ನಾಲ್ಕೋ ಮಧ್ಯಂತರಗಳು. ತಾಂತ್ರಿಕ ಬಡತನದಿಂದ ಒದಗಿದ ಈ ಬಿಡುವು ಮೌಖಿಕ ವಿಮರ್ಶೆಯ ಗರಡಿಮನೆಯಾಯಿತು. ಮುಂದೇನಾಗಬಹುದು, ಆಗಬೇಕಾದದ್ದೇನು, ನಾಯಕಿಯ ಅಣ್ಣ ಮಾಡಿದ್ದು ಸರಿಯೆ ಎಂಬ ಪ್ರಶ್ನೆಗಳು ಕಡಲೆಕಾಯಿಯ ಸಿಪ್ಪೆಯೊಡನೆ ನೆಲಕ್ಕೆ ಬೀಳುತ್ತಿದ್ದವು. ಕಥೆಯನ್ನು ಹೇಳಿ ನಿಲ್ಲಿಸಿ 'ಆಮೇಲೆ?' ಎಂಬ ಹೂಗುಟ್ಟುವಿಕೆಗಾಗಿ ಕಾಯುವ ಅಜ್ಜಿಯ ತಂತ್ರವನ್ನು ರೀಲಿನ ಉದ್ದ ತಾನಾಗಿಯೇ ಜಾರಿಗೆ ತಂದಿತ್ತು. ಎರಡನೆಯ ಆಟ ಬಿಟ್ಟಾಗ ನಡುರಾತ್ರಿ ದಾಟಿರುತ್ತಿತ್ತು. ಗುಂಪುಗೂಡಿ ನಡೆಯುತ್ತ ಊರು ಸೇರುವ ಎರಡು ಮೂರು ಮೈಲಿಯ ದಾರಿ ಆ ರಾತ್ರಿಯ ಎರಡನೆಯ ಪ್ರದರ್ಶನ. ಮೊದಲನೆಯದರಲ್ಲಿ ತೆರೆ ಮಾತಾಡಿದರೆ ಎರಡನೆಯದರಲ್ಲಿ ನೋಡಿದವರು ಮಾತಾಡುತ್ತಿದ್ದರು.

ಹೀಗೆ ಬೆಳೆದ ಮಾತಿಗೆ ಒಂದು ನಿಶ್ಚಿತ ಆಕಾರವಿದೆ. ನೋಡಿ ಬಂದವನಿಗೆ ಎದುರಾಗುವ ಮೊದಲ ಪ್ರಶ್ನೆ 'ಹೆಂಗೈತೆ?' ಉತ್ತರ ಕರ್ನಾಟಕದಲ್ಲಾದರೆ 'ಹ್ಯಾಂಗೈತಿ?' ಉತ್ತರ ಬಹುಮಟ್ಟಿಗೆ ಸೂತ್ರಬದ್ಧ. 'ಪರವಾಗಿಲ್ಲ', 'ಒಂದ್ಸಲ ನೋಡಬಹುದು', 'ಕಾಸಿಗೆ ಮೋಸ ಇಲ್ಲ', 'ಡಬ್ಬಾ', 'ತೋಪು' ಎಂಬ ಈ ನುಡಿಗಟ್ಟುಗಳು ಒಂದು ಏಣಿಯ ಮೆಟ್ಟಿಲುಗಳಂತಿವೆ. ಅವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು 'ಪರವಾಗಿಲ್ಲ' ಎಂಬುದು. ಅದನ್ನು ಎಳೆದು ಹೇಳಿದರೆ ನಿರಾಸೆ, ತಲೆಯಾಡಿಸಿ ಚುಟುಕಾಗಿ ಹೇಳಿದರೆ ಮೆಚ್ಚುಗೆ. ಬರಹದಲ್ಲಿ ಅಚ್ಚಾದಾಗ ಎರಡೂ ಒಂದೇ. ಮೌಖಿಕ ವಿಮರ್ಶೆಯನ್ನು ಲಿಪ್ಯಂತರ ಮಾಡಿಕೊಂಡು ವಿಶ್ಲೇಷಿಸುವವರು ಕಳೆದುಕೊಳ್ಳುವುದು ಇಂಥದ್ದನ್ನೇ. 'ಕಾಸಿಗೆ ಮೋಸ ಇಲ್ಲ' ಎಂಬುದು ಸಂತೆಯ ಭಾಷೆ. ಸೌಂದರ್ಯದ ಪ್ರಶ್ನೆಯನ್ನು ಅದು ನ್ಯಾಯದ ಪ್ರಶ್ನೆಯಾಗಿ ಬದಲಿಸುತ್ತದೆ. ದಿನಗೂಲಿಯ ಒಂದು ಭಾಗವನ್ನು ತೆತ್ತು ಒಳಹೊಕ್ಕವನಿಗೆ ಚಿತ್ರದ ಗುಣವು ಕೊಟ್ಟ ಮಾತಿನ ಪಾಲನೆಯೂ ಆಗಿರುತ್ತದೆ.

ಮುಂದಿನ ಹಂತದಲ್ಲಿ ಚಿತ್ರವು ಬಿಡಿಬಿಡಿಯಾಗಿ ಒಡೆಯುತ್ತದೆ: ಕಥೆ, ಹಾಡು, ಫೈಟು, ಕಾಮಿಡಿ, ಸೆಂಟಿಮೆಂಟು. ಮುದ್ರಿತ ವಿಮರ್ಶೆಯು ಕೃತಿಯ ಅಖಂಡತೆಯನ್ನು ಹುಡುಕುತ್ತದೆಯಾದ್ದರಿಂದ ಈ ಬಿಡಿಕೆಯನ್ನು ಅಭಿರುಚಿಯ ಕೊರತೆಯೆಂದು ತಿಳಿದದ್ದುಂಟು. ಈ ತಿಳುವಳಿಕೆ ತಪ್ಪು. ಬಯಲಾಟದ ಪ್ರೇಕ್ಷಕರೂ ಪದ, ಮಾತು, ಕುಣಿತ, ವೇಷಗಳನ್ನು ಪ್ರತ್ಯೇಕವಾಗಿಯೇ ತೂಗುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿರುವಾಗ ತೂಗಲು ಉಳಿಯುವುದು ನಿರ್ವಹಣೆ. ಹರಿಶ್ಚಂದ್ರ ಕೊನೆಗೆ ಗೆಲ್ಲುತ್ತಾನೆಂಬುದು ಗೊತ್ತಿದ್ದೇ ಜನರು 1965ರಲ್ಲಿ 'ಸತ್ಯಹರಿಶ್ಚಂದ್ರ'ಕ್ಕೆ ನೆರೆದರು. ಸ್ಮಶಾನದಲ್ಲಿ ರಾಜಕುಮಾರ್ ಹೇಗೆ ನಿಲ್ಲುತ್ತಾರೆ ಎಂಬುದು ಅವರ ಕುತೂಹಲವಾಗಿತ್ತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದ ಮೂಲಕ ತೆರೆಯ ನಾಯಕನಾದ ನಟನನ್ನು ಆ ಕಾಲದ ಪ್ರೇಕ್ಷಕರು ನಾಟಕದ ಕಣ್ಣಿನಿಂದಲೇ ಅಳೆದರು. ಮಾತಿನ ಸ್ಪಷ್ಟತೆ, ಪದ್ಯದ ಗತ್ತು, ನಿಲುವು ಅವರ ಮಾನದಂಡಗಳು.

ಇನ್ನೊಂದು ವ್ಯಾಕರಣ ವಿಶೇಷವೂ ಗಮನಾರ್ಹ. 'ಇಂಟರ್ವಲ್ ತನಕ ಚೆನ್ನಾಗಿದೆ, ಆಮೇಲೆ ಎಳೀತಾನೆ' ಎಂಬ ಮಾತಿನಲ್ಲಿ ಎಳೆಯುವವನು ಯಾರು? ನಿರ್ದೇಶಕನ ಹೆಸರು ಆಡಿದವನಿಗೆ ತಿಳಿದಿರಲೇಬೇಕೆಂದಿಲ್ಲ. ಆದರೂ ಕಥೆಯ ಹಿಂದೆ ಕಥೆ ಹೇಳುವವನೊಬ್ಬನಿದ್ದಾನೆ, ಅವನು ಹೊಣೆಗಾರ ಎಂಬ ಗ್ರಹಿಕೆ ಆ ಏಕವಚನದ ಕ್ರಿಯಾಪದದಲ್ಲಿ ಅಡಗಿದೆ. ಸಿನಿಮಾ ಸಿದ್ಧಾಂತಗಳು ಕರ್ತೃತ್ವದ ಬಗ್ಗೆ ನಡೆಸಿದ ದೀರ್ಘ ವಾಗ್ವಾದವನ್ನು ಈ ಒಂದು ಪದ ತನ್ನದೇ ರೀತಿಯಲ್ಲಿ ಇತ್ಯರ್ಥಗೊಳಿಸಿಕೊಂಡಿದೆ.

ನೋಡಿದವರ ಮಾತು ತೀರ್ಪಿಗಷ್ಟೇ ಸೀಮಿತವಲ್ಲ. ಅದು ಪುನರಾಖ್ಯಾನವೂ ಹೌದು. ಮನೆಗೊಬ್ಬರು ಸಿನಿಮಾ ನೋಡಿ ಬಂದು ಉಳಿದವರಿಗೆ ಕಥೆ ಹೇಳುವ ಪದ್ಧತಿ ದೂರದರ್ಶನ ಬರುವ ಮೊದಲು ವ್ಯಾಪಕವಾಗಿತ್ತು. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಕರಾವಳಿಯಲ್ಲಿ ಬೀಡಿ ಕಟ್ಟುವ ಜಗುಲಿಗಳಲ್ಲಿ, ಬಯಲುಸೀಮೆಯಲ್ಲಿ ಕಳೆ ಕೀಳುವ ಸಾಲುಗಳಲ್ಲಿ ಜನಪದ ಕಥೆಯ ಜಾಗದಲ್ಲಿ ಸಿನಿಮಾ ಕಥೆ ಬಂದು ಕುಳಿತಿತು. ಹೇಳುವವಳು ಹಾಡಿನ ಸಾಲನ್ನು ಗುನುಗಿ, ಖಳನ ಧ್ವನಿಯನ್ನು ಅನುಕರಿಸಿ, ತನಗೆ ಬೇಡವಾದ ಹಾಸ್ಯಪ್ರಸಂಗವನ್ನು ಕೈಬಿಟ್ಟು, ಬೇಕಾದ ಅಳುವಿನ ದೃಶ್ಯವನ್ನು ಹಿಗ್ಗಿಸುತ್ತಿದ್ದಳು. ಈ ಬಿಡುವಿಕೆ ಮತ್ತು ಹಿಗ್ಗಿಸುವಿಕೆಗಳೇ ವಿಮರ್ಶೆ. ಯಾವ ಸಂಕಲನಕಾರನೂ ಮಾಡದ ಸಂಕಲನ ಅಲ್ಲಿ ನಡೆಯುತ್ತಿತ್ತು. ಇದಕ್ಕೆ ಭಾಷೆಯ ಮಗ್ಗುಲೂ ಇದೆ. 1960ರ ದಶಕದ ಮಧ್ಯಭಾಗದಿಂದ ಸುಮಾರು ಅರ್ಧ ಶತಮಾನದ ಕಾಲ ಕನ್ನಡದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಅಲಿಖಿತ ತಡೆಯಿತ್ತು. ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಅಂಥ ತಡೆಯ ವಿರುದ್ಧ ಆದೇಶ ನೀಡಿತು. ಈ ಅವಧಿಯುದ್ದಕ್ಕೂ ತೆಲುಗು, ತಮಿಳು, ಹಿಂದಿ ಚಿತ್ರಗಳ ಕಥೆಗಳು ಕನ್ನಡದ ಮನೆಗಳನ್ನು ತಲುಪಿದ್ದು ಬಾಯಿಯ ಮೂಲಕ. ಬಳ್ಳಾರಿ, ರಾಯಚೂರು, ಕೋಲಾರಗಳ ದ್ವಿಭಾಷಿಕ ಅಭಿಮಾನಿಗಳು ಮಾಡಿದ ಈ 'ಬಾಯಿ ಡಬ್ಬಿಂಗ್' ಯಾವ ವಾಣಿಜ್ಯ ಮಂಡಳಿಯ ಲೆಕ್ಕಕ್ಕೂ ಸಿಕ್ಕಿಲ್ಲ. ಚಳವಳಿ ಮತ್ತು ನ್ಯಾಯಾಲಯಗಳ ದೃಷ್ಟಿಯಿಂದ ಬರೆದ ಡಬ್ಬಿಂಗ್ ಚರಿತ್ರೆ ಅಪೂರ್ಣವೆನಿಸುವುದು ಇದರಿಂದಲೇ.

ಮೌಖಿಕ ವಿಮರ್ಶೆಯ ನಿಜವಾದ ಹುರುಳು ತಿಳಿಯುವುದು ಅದು ನೈತಿಕ ವಾಗ್ವಾದವಾಗಿ ಬೆಳೆದ ಸಂದರ್ಭಗಳಲ್ಲಿ. ಪುಟ್ಟಣ್ಣ ಕಣಗಾಲ್ ಅವರ ಎರಡು ಚಿತ್ರಗಳನ್ನು ಇಲ್ಲಿ ನೆನೆಯಬಹುದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ಬಂದ 'ಶರಪಂಜರ'ದಲ್ಲಿ ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆಯೂ ನೆರೆಯೂ ಅವಳನ್ನು 'ಹುಚ್ಚಿ' ಎಂಬ ಹೆಸರಿನಿಂದ ಬಿಡುಗಡೆ ಮಾಡುವುದಿಲ್ಲ. ಗಂಡ ಬೇರೊಬ್ಬಳತ್ತ ಸರಿದಿರುತ್ತಾನೆ. ಮುದ್ರಿತ ವಿಮರ್ಶೆಯು ಕಲ್ಪನಾ ಅವರ ಅಭಿನಯವನ್ನೂ ನಿರ್ದೇಶಕನ ಸಂಕೇತಗಳನ್ನೂ ಕೊಂಡಾಡಿತು. ಹೆಂಗಸರ ಮಾತು ಬೇರೆ ಕಡೆ ಹೊರಳಿತು. ಗಂಡನಾದವನು ಹಾಗೆ ಮಾಡಬಹುದಿತ್ತೆ, ಬಾಣಂತಿಗೆ ಮನೆಯವರು ಮಾಡಬೇಕಾದದ್ದೇನು, ಹಳೆಯದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದೇಕೆ ಎಂಬುವು ಅದರ ಪ್ರಶ್ನೆಗಳು. ಬಾಣಂತಿಸನ್ನಿ ಎಂಬ ಹಳೆಯ ಪದವೊಂದು ಜನಪದ ವೈದ್ಯದ ಭಾಷೆಯಲ್ಲಿ ಮೊದಲೇ ಇದ್ದುದರಿಂದ ಕಾವೇರಿಯ ಕಾಯಿಲೆ ಅವರಿಗೆ ಅಪರಿಚಿತವಾಗಿರಲಿಲ್ಲ. ಅಪರಿಚಿತವಾಗಿದ್ದುದು ಅದನ್ನು ನಾಲ್ಕು ಜನರೆದುರು ಮಾತಾಡುವ ಅವಕಾಶ. ಸ್ವಂತ ಮನೆಯ ಸಂಗತಿಯನ್ನು ಹೇಳಲಾಗದವಳು ಕಾವೇರಿಯ ಸಂಗತಿಯನ್ನು ಹೇಳಬಹುದಿತ್ತು. 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನು ಹಾಡಿದ ಹೆಣ್ಣುಮಕ್ಕಳಿಗೂ ಆ ಹಾಡು ಇಂಥದೇ ಮರೆಯನ್ನು ಒದಗಿಸಿತ್ತು. ಈ ನೆಲೆಯಲ್ಲಿ ಸಿನಿಮಾ ಮಾತು ಹರಟೆಯಲ್ಲ. ಅದು ಬೇರೆಯವರ ಹೆಸರಿನಲ್ಲಿ ಆಡುವ ಆತ್ಮಕಥನ.

1972ರ ಕೊನೆಯಲ್ಲಿ ತೆರೆಕಂಡ 'ನಾಗರಹಾವು' ಎಬ್ಬಿಸಿದ ವಿವಾದ ಇನ್ನೊಂದು ಬಗೆಯದು. ಜಾತಿಯ ಕಾರಣಕ್ಕೆ ಅಲಮೇಲುವನ್ನು ಬಿಟ್ಟುಕೊಡುವಂತೆ ರಾಮಾಚಾರಿಯನ್ನು ಒಪ್ಪಿಸುವವರು ಅವನು ಪ್ರಾಣದಂತೆ ನಂಬಿದ ಚಾಮಯ್ಯ ಮೇಷ್ಟ್ರು. ಮುಂದೆ ಅವಳ ಬಾಳು ಬೀದಿಪಾಲಾಗುತ್ತದೆ. ಮೇಷ್ಟ್ರು ಮಾಡಿದ್ದು ಸರಿಯೆ ಎಂಬ ಪ್ರಶ್ನೆ ಚಿತ್ರದುರ್ಗದ ಬಂಡೆಗಳಷ್ಟೇ ಗಟ್ಟಿಯಾಗಿ ಪ್ರೇಕ್ಷಕರ ನಡುವೆ ಉಳಿಯಿತು. ಗುರುವಿನ ಮಾತು ಮೀರಬಾರದೆಂಬ ಪರಂಪರೆಯ ಶ್ರದ್ಧೆ ಒಂದು ಕಡೆ, ಗುರುವೇ ಜಾತಿಯ ವಕೀಲನಾದಾಗ ಶಿಷ್ಯ ಮಾಡಬೇಕಾದುದೇನು ಎಂಬ ಹೊಸ ಸಂಕಟ ಇನ್ನೊಂದು ಕಡೆ. ಮೂಲ ಕಾದಂಬರಿಗಳ ಕರ್ತೃ ತ.ರಾ.ಸು. ಅವರು ಚಿತ್ರವನ್ನು ನೋಡಿ ನಾಗರಹಾವು ಕೇರೆಹಾವಾಯಿತೆಂದರು ಎಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಿದೆ. ಆ ಮಾತು ನಾನಾ ಪಾಠಾಂತರಗಳಲ್ಲಿ ದೊರೆಯುತ್ತದೆ. ಲೇಖಕರೊಬ್ಬರ ಅಸಮಾಧಾನವು ಗಾದೆಯ ರೂಪ ತಾಳಿ, ಕಾದಂಬರಿಯನ್ನು ಓದದವರ ನಾಲಗೆಯಲ್ಲೂ ನೆಲೆಸಿದ್ದು ಮೌಖಿಕ ಪರಂಪರೆಯ ಜೀರ್ಣಶಕ್ತಿಗೆ ಒಳ್ಳೆಯ ಸಾಕ್ಷಿ.

ಅದೇ ವರ್ಷದ ಮಾರ್ಚ್ ಕೊನೆಗೆ ಬಿಡುಗಡೆಯಾದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ, ಸಿದ್ಧಲಿಂಗಯ್ಯ ನಿರ್ದೇಶಿಸಿದ ಈ ಚಿತ್ರವನ್ನು ನೋಡಿ ಪೇಟೆ ಸೇರಿದ್ದ ಯುವಕರು ಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತರೆಂಬ ಕಥನವು ಕನ್ನಡ ಸಿನಿಮಾದ ಕುರಿತ ಬರಹಗಳಲ್ಲೆಲ್ಲ ಪುನರುಕ್ತವಾಗುತ್ತದೆ. ಇದನ್ನು ಚರಿತ್ರೆಯೆಂದು ಒಪ್ಪುವವರೂ ಉತ್ಪ್ರೇಕ್ಷೆಯೆಂದು ತಳ್ಳುವವರೂ ಅದರ ಪ್ರಕಾರವನ್ನು ಗುರುತಿಸಿಲ್ಲ. ಇದು ಐತಿಹ್ಯ. ಮರಳಿದವನು ಸಾಮಾನ್ಯವಾಗಿ ಪಕ್ಕದೂರಿನವನು, ದೂರದ ನೆಂಟ, ಗೆಳೆಯನ ದೊಡ್ಡಪ್ಪ. ಲಿಂಡಾ ಡೇಗ್ ಮೊದಲಾದ ವಿದ್ವಾಂಸರು ತೋರಿಸಿರುವಂತೆ ಐತಿಹ್ಯ ಬದುಕುವುದು ನಂಬಿಕೆಯಿಂದಲ್ಲ, ನಂಬಬೇಕೆ ಬೇಡವೆ ಎಂಬ ವಾದದಿಂದ. ಈ ಐತಿಹ್ಯವು ಚಿತ್ರಕ್ಕೆ ಜನರು ಕೊಟ್ಟ ಅತ್ಯುನ್ನತ ತೀರ್ಪು. ಒಂದು ಆಟ ಬದುಕನ್ನು ತಿರುಗಿಸಬಲ್ಲದು ಎಂಬ ಹೊಗಳಿಕೆಗಿಂತ ಮಿಗಿಲಾದ ಹೊಗಳಿಕೆ ಇಲ್ಲ. ವಿಪರ್ಯಾಸವೆಂದರೆ ಕೊನೆಯಲ್ಲಿ ರಾಜೀವ ತಾನೇ ಕಟ್ಟಿ ಬೆಳೆಸಿದ ಮನೆಯಲ್ಲಿ ಅನುಮಾನಕ್ಕೂ ಅಪಮಾನಕ್ಕೂ ಗುರಿಯಾಗಿ ಏನನ್ನೂ ಕೊಂಡೊಯ್ಯದೆ ಹೊರಟುಹೋಗುತ್ತಾನೆ. ಮಣ್ಣಿಗೆ ಮರಳಿದವನ ಕಥೆಯೆಂದು ಜನ ನೆನೆಯುವ ಚಿತ್ರವು ಮಣ್ಣನ್ನು ತೊರೆದವನ ಕಥೆಯಾಗಿ ಮುಗಿಯುತ್ತದೆ. ಕೂಡುಕುಟುಂಬದ ಹಿರಿಯರು ಈ ಮುಕ್ತಾಯವನ್ನು ತ್ಯಾಗವೆಂದು ಮೆಚ್ಚಿದರು. ಸತ್ಯವನ್ನು ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಗೊಣಗಿದವರೂ ಇದ್ದರು. ಐತಿಹ್ಯ ಆರಿಸಿಕೊಂಡದ್ದು ಚಿತ್ರದ ನಡುಭಾಗವನ್ನು; ಕೊನೆಯನ್ನು ಅದು ಜಾಣತನದಿಂದ ಮರೆಯಿತು.

1998ರಲ್ಲಿ ಉಪೇಂದ್ರರ 'ಎ' ಬಂದಾಗ ಈ ಮಾತಿಗೆ ಹೊಸ ಕೆಲಸ ಬಿತ್ತು. ಹಿಂದುಮುಂದಾಗಿ ಹೆಣೆದ ಕಥೆ, ಬುದ್ಧಿವಂತರಿಗೆ ಮಾತ್ರ ಎಂಬ ಸವಾಲು. ಮೊದಲ ಸಲ ನೋಡಿದವನು ಎರಡನೆಯ ಸಲ ನೋಡಿದವನನ್ನು ಕೇಳಿ ಅರ್ಥಮಾಡಿಕೊಳ್ಳಬೇಕಾಯಿತು. ಒಗಟು ಬಿಡಿಸುವ ಜನಪದ ಪ್ರವೃತ್ತಿಯು ಚಹಾದಂಗಡಿಯ ಮುಂದೆ ಮರುಹುಟ್ಟು ಪಡೆಯಿತು. ಅರ್ಥವಾಗದ ಚಿತ್ರವನ್ನು ಜನ ತಿರಸ್ಕರಿಸುತ್ತಾರೆಂಬ ಉದ್ಯಮದ ಸಿದ್ಧಾಂತ ಇಲ್ಲಿ ಕೆಲಸ ಮಾಡಲಿಲ್ಲ. ಕೂಡಿ ಬಿಡಿಸಬಹುದಾದ ತೊಡಕು ಜನರಿಗೆ ಹಬ್ಬ. ಒಬ್ಬಂಟಿಯಾಗಿ ಸೋಲಬೇಕಾದ ತೊಡಕನ್ನೇ ಅವರು ತಿರಸ್ಕರಿಸುವುದು. 1995ರ 'ಓಂ' ಚಿತ್ರವು ಅನೇಕ ಸಲ ಮರುಬಿಡುಗಡೆಯಾದಾಗಲೂ ಮಾತು ಬತ್ತಲಿಲ್ಲ ಎಂಬುದನ್ನು ಜತೆಗಿಟ್ಟು ನೋಡಿದರೆ ಹಳೆಯದಾದ ಕಥೆ ಮಾತಿಗೆ ಅಡ್ಡಿಯಲ್ಲವೆಂಬುದು ಸ್ಪಷ್ಟ.

ಅಭಿಮಾನಿಯು ನಿಜವಾಗಿ ವಿಮರ್ಶಕನಾಗಬಲ್ಲನೆ ಎಂಬ ಆಕ್ಷೇಪ ಇಲ್ಲಿ ಸಹಜ. ಮೆಚ್ಚಿದ ನಟನ ಚಿತ್ರವನ್ನು ಅವನು ನೋಡುವ ಮೊದಲೇ ಗೆಲ್ಲಿಸಿರುತ್ತಾನೆ; ಎದುರಾಳಿ ನಟನ ಚಿತ್ರವನ್ನು ನೋಡದೆಯೇ ಸೋಲಿಸಿರುತ್ತಾನೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ತಾರೆ ಮತ್ತು ಭಾಷಿಕ ಸಮುದಾಯದ ರಾಜಕೀಯ ಅಸ್ತಿತ್ವದ ನಂಟನ್ನು ಎಂ. ಮಾಧವ ಪ್ರಸಾದ್ ಅವರು 2014ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಶೋಧಿಸಿದ್ದಾರೆ. ಆದರೆ ಅಭಿಮಾನವನ್ನು ರಾಜಕೀಯ ನಿಷ್ಠೆಯಾಗಿ ಮಾತ್ರ ಕಂಡರೆ ಅದರೊಳಗಿನ ವಿವೇಚನೆ ಕೈತಪ್ಪುತ್ತದೆ. ಕರ್ನಾಟಕದ ಜನಪದ ಧರ್ಮದಲ್ಲಿ ದೈವಕ್ಕೆ 'ಒಕ್ಕಲು' ಇರುತ್ತದೆ. ಒಕ್ಕಲಾಗುವುದು ಆಯ್ಕೆಗಿಂತ ಹೆಚ್ಚಾಗಿ ಮನೆತನದಿಂದ, ಊರಿನಿಂದ, ಹರಕೆಯಿಂದ ಬರುವಂಥದು. ಅಭಿಮಾನಿಯೂ ತನ್ನ ನಟನ ಒಕ್ಕಲು. ಒಕ್ಕಲಿಗೆ ದೈವವನ್ನು ಬೈಯುವ ಹಕ್ಕುಂಟು. ಕೈಬಿಟ್ಟ ದೈವದೊಡನೆ ಜಗಳವಾಡುವುದು, ನಿಂದಾಸ್ತುತಿ ಮಾಡುವುದು ಭಕ್ತಿಗೆ ಹೊರತಲ್ಲ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದಾಗ ಈ ಸಂಬಂಧ ತಲೆಕೆಳಗಾಯಿತು. ಒಕ್ಕಲು ದೇವರಾಗಿ, ದೇವರು ಒಕ್ಕಲಾಯಿತು. ಅದು ವಿನಯದ ಮಾತೆಂದು ಬಹುಜನರು ತಿಳಿದರು. ತೀರ್ಪು ಕೊಡುವ ಅಧಿಕಾರವನ್ನು ಬಾಯಿಬಿಟ್ಟು ಒಪ್ಪಿಕೊಂಡ ಮಾತೂ ಅದಾಗಿತ್ತು.

ಹಾಗಿದ್ದೂ ಈ ಅಧಿಕಾರ ಚಲಾವಣೆಯಾಗುವ ಬಗೆ ಕುತೂಹಲಕರ. ಚಿತ್ರ ಸೋತಾಗ ಅಭಿಮಾನಿಯ ಕೋಪ ನಟನ ಮೇಲೆ ನೇರವಾಗಿ ಬೀಳುವುದಿಲ್ಲ. ಕಥೆ ಬರೆದವನು, ಸಂಗೀತ ಕೊಟ್ಟವನು, ಮುಖ್ಯವಾಗಿ ನಿರ್ದೇಶಕ ಆ ಕೋಪವನ್ನು ಹೊರುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ತರ್ಕವೇ ಇದು. ಸೋಲಿನ ಹೊಣೆಯನ್ನು ಪೂಜಾರಿಗೆ ಹೊರಿಸಿ ದೇವರನ್ನು ಉಳಿಸಿಕೊಳ್ಳುವ ಈ ತಂತ್ರವು ವಿಮರ್ಶೆಯನ್ನು ಸಾಧ್ಯವಾಗಿಸುತ್ತದೆ. ಒಂದು ಗೆರೆಯಾಚೆ ಹೋಗದಂತೆ ತಡೆಯುತ್ತದೆ ಕೂಡ. ತೆರೆಯ ಮೇಲೆ ನಾಯಕ ಹೆಣ್ಣನ್ನು ಬೆದರಿಸಿ ಒಲಿಸಿಕೊಳ್ಳುವುದನ್ನು, ಕೆನ್ನೆಗೆ ಬಾರಿಸಿ 'ಬುದ್ಧಿ ಕಲಿಸುವುದನ್ನು' ಗಂಡಸರ ಗುಂಪಿನ ಮಾತು ಪ್ರಶ್ನಿಸಿದ್ದು ವಿರಳ. ಅದೇ ದೃಶ್ಯದ ಬಗ್ಗೆ ತಡಿಕೆಯಾಚೆ ಕುಳಿತವರು ಏನೆಂದುಕೊಂಡರು ಎಂಬುದು ದಾಖಲಾಗಲಿಲ್ಲ. ಜನಪದರ ಮಾತೆಲ್ಲ ಪ್ರತಿರೋಧವೆಂದು ಬಗೆಯುವ ವಿದ್ವತ್ತಿನ ಭಾವುಕತೆಗೆ ಇಲ್ಲಿ ಆಸ್ಪದವಿಲ್ಲ. ಅಭಿಮಾನಿಗಳ ಮಾತು ಅನೇಕ ವೇಳೆ ಯಜಮಾನಿಕೆಯ ಮಾತೂ ಆಗಿತ್ತು. ಯಾವ ನಟನ ಒಕ್ಕಲು ಯಾವ ಜಾತಿ ಎಂಬ ಪಿಸುಮಾತು ಅದರ ಒಳಪದರದಲ್ಲಿ ಸದಾ ಇದ್ದೇ ಇತ್ತು.

ಈ ಮಾತಿಗೆ ನೆಲೆಯೊದಗಿಸಿದ ಆವರಣ ಈಗ ಕರಗುತ್ತಿದೆ. ಬೆಂಗಳೂರಿನ ಕಪಾಲಿ ಚಿತ್ರಮಂದಿರ 2017ರಲ್ಲಿ, ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿದವು. ಜಿಲ್ಲಾ, ತಾಲ್ಲೂಕು ಕೇಂದ್ರಗಳ ಅನೇಕ ಚಿತ್ರಮಂದಿರಗಳು ಕಲ್ಯಾಣ ಮಂಟಪಗಳಾಗಿ, ಗೋದಾಮುಗಳಾಗಿ ರೂಪಾಂತರಗೊಂಡಿವೆ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷ ಮೀರಿ ಓಡಿದ್ದು ಕನ್ನಡ ಚಿತ್ರರಂಗದ ಹೆಮ್ಮೆಯ ದಾಖಲೆ. ಆದರೆ ಮಲ್ಟಿಪ್ಲೆಕ್ಸಿಗೆ ಅಂಗಳವಿಲ್ಲ. ಆಟ ಬಿಟ್ಟೊಡನೆ ಪ್ರೇಕ್ಷಕರು ಚಲಿಸುವ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರಾಗಿ ಇಳಿದು ಅಂಗಡಿಗಳ ನಡುವೆ ಚದುರುತ್ತಾರೆ. ಒಳಹೋಗಲು ಕಾದಿರುವವರಿಗೂ ಹೊರಬಂದವರಿಗೂ ಮುಖಾಮುಖಿಯೇ ಇಲ್ಲ. ಏಕಪರದೆಯ ಚಿತ್ರಮಂದಿರದಲ್ಲಿ ಗೇಟಿನ ಬಳಿಯ ಆ ಮುಖಾಮುಖಿಯೇ ತೀರ್ಪಿನ ಪೀಠವಾಗಿತ್ತು. ಹೊರಬಂದವನ ಮುಖಭಾವವನ್ನು ಓದಿ, ಕೊಳ್ಳಬೇಕೆಂದಿದ್ದ ಟಿಕೆಟನ್ನು ಕೊಳ್ಳದೆ ಹಿಂದಿರುಗಿದವರುಂಟು.

ಅಂಗಳ ಉಳಿದಲ್ಲಿ ಮೈಕು ಬಂದು ನಿಂತಿತು. ಸುದ್ದಿವಾಹಿನಿಗಳು ಹೆಚ್ಚಿದ ಮೇಲೆ ಮೊದಲ ದಿನದ ಮೊದಲ ಆಟ ಬಿಟ್ಟಾಗ ಪ್ರೇಕ್ಷಕರ ಅಭಿಪ್ರಾಯ ಕೇಳುವುದು ವಾಡಿಕೆಯಾಯಿತು. ಮೈಕಿನ ಮುಂದೆ 'ಪರವಾಗಿಲ್ಲ' ಎಂಬ ಪದಕ್ಕೆ ಜಾಗವಿಲ್ಲ. ಅಲ್ಲಿ ಚಿತ್ರ 'ಸೂಪರ್' ಆಗಬೇಕು ಇಲ್ಲವೆ ಮಣ್ಣುಮುಕ್ಕಬೇಕು. ಗೆಳೆಯನಿಗೆ ಹೇಳುವ ಮಾತಿಗೆ ಹೊಣೆಯುಂಟು; ಅದನ್ನು ನಂಬಿ ದುಡ್ಡು ಕಳೆದುಕೊಂಡವನು ಮರುದಿನ ಎದುರಾಗುತ್ತಾನೆ. ಮೈಕಿಗೆ ಹೇಳಿದ ಮಾತಿಗೆ ಅಂಥ ಮರುದಿನವಿಲ್ಲ. ಇಷ್ಟಾದರೂ ಉದ್ಯಮವು ಈ ಮಾತಿಗೆ ಹೆದರುವುದನ್ನು ಬಿಟ್ಟಿಲ್ಲ. ನೆರೆಯ ತಮಿಳುನಾಡಿನಲ್ಲಿ ದೊಡ್ಡ ಬಂಡವಾಳದ ಚಿತ್ರಗಳು ಸಾಲಾಗಿ ನೆಲಕಚ್ಚಿದ 2024ರಲ್ಲಿ ನಿರ್ಮಾಪಕರ ಸಂಘವೊಂದು ಚಿತ್ರಮಂದಿರದ ಆವರಣದೊಳಗೆ ಪ್ರೇಕ್ಷಕರ ಅಭಿಪ್ರಾಯವನ್ನು ಚಿತ್ರೀಕರಿಸಲು ಬಿಡಬಾರದೆಂದು ಮಾಲೀಕರನ್ನು ಕೋರಿತು. ಹಣದ ಆಮಿಷಕ್ಕೆ ಆಡಿಸಿದ ಮಾತುಗಳ ಬಗ್ಗೆ ದೂರುಗಳಿರುವುದು ನಿಜ. ಆದರೆ ಟಿಕೆಟು ಕೊಂಡವನಿಗೆ ನೋಡುವ ಹಕ್ಕು ಮಾತ್ರ ಸಲ್ಲುತ್ತದೆಯೋ ನುಡಿಯುವ ಹಕ್ಕೂ ಸಲ್ಲುತ್ತದೆಯೋ ಎಂಬ ಪ್ರಶ್ನೆ ಆ ಕೋರಿಕೆಯ ಅಡಿಯಲ್ಲಿದೆ. ಆಟದ ಮೇಳಗಳ ಯಜಮಾನರು ಎಂದೂ ಕೇಳದ ಪ್ರಶ್ನೆ ಇದು.

2022ರಲ್ಲಿ ತೆರೆಕಂಡ 'ಕಾಂತಾರ' ಈ ಇಡೀ ವಿಷಯವನ್ನು ಜಾನಪದದ ಹೊಸ್ತಿಲಿಗೇ ತಂದು ನಿಲ್ಲಿಸಿತು. ಪಂಜುರ್ಲಿ, ಗುಳಿಗ ದೈವಗಳ ಕೋಲವನ್ನು ನಾಡಿನಾಚೆಯ ಪ್ರೇಕ್ಷಕರೂ ಬೆರಗಿನಿಂದ ನೋಡಿದರು. ಬಯಲುಸೀಮೆಯ ಅಭಿಮಾನಿಗಳ ಮಾತು ಕೊನೆಯ ದೃಶ್ಯದ ನಟನೆಯ ಸುತ್ತ ನೆರೆಯಿತು. ತುಳುನಾಡಿನಲ್ಲಿ ನಡೆದ ಮಾತು ಬೇರೆಯದು. ದೈವದ ಕೂಗನ್ನು ಆಟಕ್ಕೆ ಬಳಸಬಹುದೆ, ಕಟ್ಟುವ ಹಕ್ಕಿರುವ ಸಮುದಾಯದವರಲ್ಲದವರು ಆ ಬಣ್ಣ ಹಚ್ಚಬಹುದೆ ಎಂದು ಅಲ್ಲಿ ಕೇಳಲಾಯಿತು. ಒಂದೇ ಚಿತ್ರದ ಬಗ್ಗೆ ಒಂದು ಕಡೆ ಅಭಿನಯದ ವಿಮರ್ಶೆ, ಇನ್ನೊಂದು ಕಡೆ ಅಧಿಕಾರದ ವಿಮರ್ಶೆ. ಸಂಕ್ರಾಮಕವಾದ ಆ ಕೂಗನ್ನು ಅಭಿಮಾನಿಗಳು ಬೀದಿಯಲ್ಲಿ ಕೂಗಿದರು, ವೇದಿಕ���ಗಳಲ್ಲಿ ಅನುಕರಿಸಿದರು. 2025ರ ಅಕ್ಟೋಬರಿನಲ್ಲಿ ಅದರ ಪೂರ್ವಕಥೆಯ ಚಿತ್ರ ಬಿಡುಗಡೆಯಾದಾಗ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಕ್ಕೇ ಬಂದರು. ಅಂಥ ಅನುಕರಣೆ ಬೇಡವೆಂದು ಚಿತ್ರತಂಡವೇ ಬಹಿರಂಗವಾಗಿ ವಿನಂತಿಸಿಕೊಳ್ಳಬೇಕಾಯಿತು. ಕೋಲದ ಕಳದಲ್ಲಿ ದೈವ ನುಡಿ ಕೊಡುತ್ತದೆ, ನೆರೆದ ಊರವರು ಆ ನುಡಿಗೆ ಪ್ರಶ್ನೆ ಹಾಕುತ್ತಾರೆ, ಒಪ್ಪಿಗೆಯಾಗದಿದ್ದರೆ ವಾದಿಸುತ್ತಾರೆ. ಪಾಡ್ದನವನ್ನು ಬಲ್ಲ ಹಿರಿಯರು ದೈವದೆದುರಿನಲ್ಲೇ ಲೋಪವನ್ನು ಎತ್ತಿ ತೋರಿಸುವುದುಂಟು. ತೆರೆಯ ಮೇಲಿನ ದೈವಕ್ಕೆ ಪ್ರಶ್ನೆ ಹಾಕುವಂತಿಲ್ಲ. ಕಳದಲ್ಲಿ ಎದುರಿಗೆ ನಿಂತು ಕೇಳಬೇಕಾದುದನ್ನು ಜನರು ಆಟ ಬಿಟ್ಟ ಮೇಲೆ ಗೇಟಿನ ಬಳಿ, ಬಸ್ಸಿನಲ್ಲಿ, ಜಗುಲಿಯ ಮೇಲೆ ಪರಸ್ಪರ ಕೇಳಿಕೊಂಡರು.